ಸೋಮವಾರದ ಭಕ್ತಿ

ಭಾನುವಾರ ಚರ್ಚಿನಲ್ಲಿ ಭಕ್ತರಾಗಿರುವುದು ಸುಲಭ. ಸೋಮವಾರ ಮನೆಕೆಲಸದಾಕೆ ತಡವಾಗಿ ಬಂದಾಗ ನಮ್ಮ ಬಾಯಿಂದ ಏನು ಹೊರಡುತ್ತದೆ ಅನ್ನುವುದೇ ಅಸಲಿ ಪರೀಕ್ಷೆ!

ಸೋಮವಾರದ ಭಕ್ತಿ ಹೇಗಿರುತ್ತದೆ ಅನ್ನುವುದಕ್ಕೆ ಮಂಗಳೂರಿನ ಕಂಕನಾಡಿಯ ಫಾದರ್ ಮುಲ್ಲರ್ ಅವರನ್ನೇ ನೋಡಿ. ಜರ್ಮನಿ ಮೂಲದ ಈ ಜೆಸ್ವಿಟ್ ಪಾದ್ರಿ 1880ರಲ್ಲಿ ಬಡವರಿಗೆ ಹೋಮಿಯೋಪಥಿ ಔಷಧಿ ಕೊಡಲು ಶುರುಮಾಡಿದರು. 1890ರಲ್ಲಿ ಕುಷ್ಠರೋಗಿಗಳಿಗಾಗಿ ಆಸ್ಪತ್ರೆ ತೆರೆದರು. ಆ ರೋಗ ಬಂದವರನ್ನು ಸ್ವಂತ ಮನೆಯವರೇ ಹತ್ತಿರ ಸೇರಿಸದ ಕಾಲ ಅದು. ಇವತ್ತು ಅಲ್ಲಿ ದೊಡ್ಡ ಆಸ್ಪತ್ರೆ, ಮೆಡಿಕಲ್ ಕಾಲೇಜು ಎಲ್ಲ ಇವೆ. ಚೀಟಿ ಹಿಡಿದು ಸಾಲಿನಲ್ಲಿ ನಿಂತವರನ್ನು ಕಾಯಿಲೆ ಏನು ಅಂತ ಕೇಳುತ್ತಾರೆಯೇ ಹೊರತು ಜಾತಿ ಯಾವುದು ಅಂತಲ್ಲ.

ನಮಗೆಲ್ಲ ಆಸ್ಪತ್ರೆ ಕಟ್ಟಲಿಕ್ಕಾಗುವುದಿಲ್ಲ, ಸರಿ. ಆದರೆ ನಮ್ಮವರನ್ನು ನೋಡಲು ವಾರ್ಡಿಗೆ ಹೋದಾಗ, ಪಕ್ಕದ ಬೆಡ್ಡಿನವರಿಗೆ ಯಾರೂ ಇಲ್ಲ ಅಂತ ಗೊತ್ತಾದರೆ, ಇನ್ನೊಂದು ಲೋಟ ಗಂಜಿ ಒಯ್ಯುವುದು ಕಷ್ಟವಲ್ಲ. ಜೊತೆಗೆ ಕರಪತ್ರ ಬೇಡ, ಉಪದೇಶವೂ ಬೇಡ. “ನಿಮಗ್ಯಾಕೆ ಇಷ್ಟು ಕಾಳಜಿ?” ಅಂತ ಅವರಾಗಿ ಕೇಳಿದರೆ ಯೇಸುವಿನ ಹೆಸರು ಹೇಳಿ, ಸಂಕೋಚ ಬೇಡ. ಕೇಳಲೇ ಇಲ್ಲ ಅಂತಾದರೂ, ನಾಳೆಯ ಗಂಜಿ ಮಾತ್ರ ತಪ್ಪಿಸಬೇಡಿ.