ಅರ್ಧ ಅಂಕ

ಟೂರ್ನಿಯಿಂದ ಮನೆಗೆ ಬಂದರೆ ಹೆಂಡತಿಯ ಪ್ರಶ್ನೆ ಒಂದೇ: "ಗೆದ್ರಾ, ಸೋತ್ರಾ?" ಕಳೆದ ಭಾನುವಾರ ಎರಡೂ ಇಲ್ಲ ಎಂದೆ. ಕೊನೆಯ ಸುತ್ತು ಡ್ರಾ. ಎದುರಾಳಿಗೆ ಹನ್ನೊಂದೋ ಹನ್ನೆರಡೋ ವರ್ಷ.

ನನ್ನದು ಬಿಳಿ ಕಾಯಿ. ರಾಜನ ಮುಂದಿನ ಕಾಲಾಳು, ಆಮೇಲೆ ಕುದುರೆ, ಮೂರನೆಯ ನಡೆಗೆ ಒಂಟೆ. ಮೂವತ್ತು ವರ್ಷಗಳಿಂದ ಆಡುತ್ತಿರುವ ರೂಯ್ ಲೋಪೆಜ್. ಹುಡುಗ ತಡಮಾಡದೆ ತನ್ನ ಎರಡನೆಯ ಕುದುರೆಯನ್ನೂ ಹೊರಗೆ ತಂದ. ಬರ್ಲಿನ್ ಡಿಫೆನ್ಸ್! ಎಂಟನೆಯ ನಡೆಗೆ ರಾಣಿಯರಿಬ್ಬರೂ ಬೋರ್ಡು ಬಿಟ್ಟರು. ಅವನ ರಾಜನಿಗೆ ಇನ್ನು ಕ್ಯಾಸ್ಲಿಂಗ್ ಇಲ್ಲ, ಎರಡು ಕಾಲಾಳುಗಳು ಒಂದರ ಹಿಂದೊಂದು ಸಿಕ್ಕಿಕೊಂಡಿವೆ. ನೋಡುವವರಿಗೆ ಬಿಳಿಯದೇ ಮೇಲುಗೈ.

2000ದ ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ ಗ್ಯಾರಿ ಕಾಸ್ಪರೋವ್ ಎದುರಿಗಿದ್ದದ್ದೂ ಇದೇ ಸ್ಥಿತಿ. 1985ರಿಂದ ಪಟ್ಟದಲ್ಲಿದ್ದವರು. ದಾಳಿಯಲ್ಲಿ ಅವರಿಗೆ ಸರಿಸಾಟಿಯಾದವರು ವಿರಳ. ದಾಳಿಗೆ ಬೇಕಾದ ರಾಣಿಯನ್ನೇ ಮೊದಲು ಇಳಿಸಿಬಿಡುವುದು ವ್ಲಾದಿಮಿರ್ ಕ್ರಾಮ್ನಿಕ್ ಹೂಡಿದ ಉಪಾಯ. ಮೊದಲ ಆಟ 25 ನಡೆಗಳಲ್ಲಿ ಡ್ರಾ. ಆ ಪಂದ್ಯದಲ್ಲಿ ನಾಲ್ಕು ಸಲ ಬರ್ಲಿನ್ ಬಂತು, ನಾಲ್ಕೂ ಡ್ರಾ. ಕಾಸ್ಪರೋವ್ ಒಂದೂ ಆಟ ಗೆಲ್ಲದೆ 8.5–6.5ರಿಂದ ಪಟ್ಟ ಕಳೆದುಕೊಂಡರು. ಆಗ ಪತ್ರಿಕೆಯಲ್ಲಿ ಫಲಿತಾಂಶ ಓದಿ "ಇದೂ ಒಂದು ಆಟವೇ, ಹೇಡಿಗಳದ್ದು" ಎಂದು ಬೈದವನು ನಾನು.

ಭಾನುವಾರ ನನಗೆ ರಾಜನ ಬದಿಯಲ್ಲಿ ನಾಲ್ಕು ಕಾಲಾಳು, ಹುಡುಗನಿಗೆ ಮೂರು. ಆ ಹೆಚ್ಚಿನ ಒಂದನ್ನು ದಾಟಿಸಿದರೆ ಗೆಲುವು. ಆದರೆ ಅವನ ಎರಡು ಒಂಟೆಗಳು ದೂರದಿಂದಲೇ ಕಾಯುತ್ತಿದ್ದವು, ರಾಜ ತಾನೇ ಎದ್ದು ಬಂದು ದಾರಿಗೆ ಅಡ್ಡ ನಿಂತಿದ್ದ. ಕಾಲಾಳನ್ನು ನೂಕಿದರೆ ಗೆಲ್ಲಬಹುದಿತ್ತು, ಸೋಲಲೂಬಹುದಿತ್ತು. ಇಷ್ಟು ಚಿಕ್ಕ ಹುಡುಗನಿಗೆ ಸೋತೆ ಎಂದು ಹೇಳಿಕೊಳ್ಳುವುದು ಹೇಗೆ? ಒಂದು ಸುರಕ್ಷಿತ ನಡೆ ಆಡಿ, ಗಡಿಯಾರ ಒತ್ತುವ ಮುನ್ನ "ಡ್ರಾ?" ಎಂದೆ.

ಅವನು ಬೋರ್ಡನ್ನೇ ಎರಡು ನಿಮಿಷ ನೋಡಿದ. ಕೈ ಕೊಟ್ಟ ಮೇಲೆ ಮೆಲ್ಲಗೆ ಕೇಳಿದ: "ಅಂಕಲ್, ನಿಮಗೆ ಇನ್ನೂ ಆಟ ಇತ್ತಲ್ಲ?"

ಇಬ್ಬರಿಗೂ ಸಿಕ್ಕಿದ್ದು ಅರ್ಧರ್ಧ ಅಂಕ. ಅವನು ಕಷ್ಟದ ಸ್ಥಿತಿಯನ್ನು ಕಾದು ಉಳಿಸಿಕೊಂಡದ್ದು, ಕ್ರಾಮ್ನಿಕ್ ಹಾಗೆ. ನಾನು ಆಟ ಬಿಟ್ಟು ಎದ್ದು ಬಂದು ಪಡೆದದ್ದು. ಹೇಡಿ ಎಂಬ ಮಾತು ಇಪ್ಪತ್ತು ಚಿಲ್ಲರೆ ವರ್ಷಗಳ ನಂತರ ಸರಿಯಾದ ವಿಳಾಸಕ್ಕೆ ಬಂದಿತ್ತು.

ಸ್ಕೋರ್‌ಶೀಟು ಇನ್ನೂ ಅಂಗಿಯ ಜೇಬಿನಲ್ಲಿದೆ. ಕಂಪ್ಯೂಟರಿಗೆ ಹಾಕಿದರೆ ಕ್ಷಣದಲ್ಲಿ ಗೊತ್ತಾಗುತ್ತದೆ, ಗೆಲುವಿತ್ತೋ ಇಲ್ಲವೋ. ಇನ್ನೂ ಹಾಕಿಲ್ಲ.