ಅತ್ತೆಯವರ ಉಬ್ಬಸವೂ ತಂಪಿನ ಯಂತ್ರವೂ

ಕಾಪುವಿನ ನಮ್ಮ ಮನೆಯಲ್ಲಿ ಆಟಿ ತಿಂಗಳು ಹೊಕ್ಕಿತೆಂದರೆ ಅತ್ತೆಯವರಿಗೆ ನಿದ್ರೆಯಿಲ್ಲ. ದಿಂಬನ್ನು ಎದೆಗವಚಿ ಕುಳಿತೇ ಬೆಳಗು ಮಾಡುವರು. ಕಳೆದ ವರ್ಷ ಮಗನು, ಇಡೀ ಮನೆಗೆ ಒಂದೇ ದೊಡ್ಡ ಹವಾನಿಯಂತ್ರಕವನ್ನು ತರಿಸಿ ಮುಚ್ಚಿಗೆಯ ಮೇಲೆ ಕೊಳವೆಗಳನ್ನು ಹಾಯಿಸಬೇಕೆಂದು ಹಟ ಹಿಡಿದನು. ಮಾರುವವನೂ “ದೊಡ್ಡದಾದಷ್ಟೂ ಒಳ್ಳೆಯದು” ಎಂದನು.

ನನಗೇಕೋ ಒಪ್ಪಿಗೆಯಾಗಲಿಲ್ಲ. ಮಣಿಪಾಲದ ವೈದ್ಯರೊಬ್ಬರನ್ನು ಕೇಳಲಾಗಿ, ಹಾಸಿಗೆಯ ಧೂಳಿನಲ್ಲಿರುವ ಕಣ್ಣಿಗೆ ಕಾಣದ ನುಸಿಗಳೂ ಬೂಷ್ಟೂ ಉಬ್ಬಸವನ್ನು ಕೆರಳಿಸುವುವೆಂದೂ, ಗಾಳಿಯ ತೇವವು ನೂರಕ್ಕೆ 50ರ ಕೆಳಗಿಳಿದರೆ ಆ ನುಸಿಗಳು ಹೆಚ್ಚು ಕಾಲ ಬಾಳಲಾರವೆಂದೂ ತಿಳಿಸಿದರು. ನಮ್ಮ ಮಳೆಗಾಲದಲ್ಲಾದರೋ ಒಗೆದ ಸೀರೆಯೇ ಮೂರು ದಿನ ಒಣಗದು! ಯಂತ್ರವು ಗಾಳಿಯ ನೀರನ್ನು ಹಿಂಡುವುದು ಓಡುತ್ತಿರುವಾಗ ಮಾತ್ರ. ಅಳತೆ ಮೀರಿದುದು ಕೋಣೆಯನ್ನು ಥಟ್ಟನೆ ತಣಿಸಿ ನಿಂತುಬಿಡುವುದು, ಪಸೆಯು ಹಾಗೆಯೇ ಉಳಿಯುವುದು. (‘ಒಂದು ಟನ್’ ಎಂಬುದು ಯಂತ್ರದ ತೂಕವಲ್ಲವಂತೆ, ಸುಮಾರು 907 ಕಿಲೋ ಮಂಜುಗಡ್ಡೆಯು 24 ತಾಸುಗಳಲ್ಲಿ ಕರಗುತ್ತ ಹೀರುವಷ್ಟು ಶಾಖವನ್ನು ಹೊರದೂಡುವ ಶಕ್ತಿ. ನಾನು ತೂಕವೆಂದೇ ತಿಳಿದಿದ್ದೆ.) ಇನ್ನು ಮುಚ್ಚಿಗೆಯ ಮೇಲಣ ಕೊಳವೆಗಳೊಳಗೆ ಬೂಷ್ಟು ಹಿಡಿದರೆ ಒರಸುವವರಾರು?

ಕಡೆಗೆ ಅತ್ತೆಯವರ ಕೋಣೆಯೊಂದಕ್ಕೇ, ಕೋಣೆಯ ಅಳತೆಗೊಪ್ಪುವ ಸಣ್ಣ ಯಂತ್ರ ಬಂದಿತು. ಗೋಡೆಗೊಂದು ತೇವಮಾಪಕವೂ ಬಂದಿತು. ಎರಡು ವಾರಕ್ಕೊಮ್ಮೆ ಯಂತ್ರದ ಜಾಲರಿಯನ್ನು ನಾನೇ ತೊಳೆಯುತ್ತೇನೆ. ಮದ್ದಿನ ಪಂಪು ದಿಂಬಿನ ಬಳಿಯಿಂದ ಕದಲಿಲ್ಲ, ಕದಲಿಸಕೂಡದೆಂದು ವೈದ್ಯರ ಅಪ್ಪಣೆ. ಆದರೆ ಈ ಆಟಿಯಲ್ಲಿ ಅತ್ತೆಯವರು ಎಷ್ಟೋ ರಾತ್ರಿ ಮಲಗಿಯೇ ನಿದ್ರಿಸಿದರು. ಅವರ ಕೆಮ್ಮು ಕೇಳಿಸದೆ ನಾನೇ ಎರಡು ಸಲ ಎದ್ದು ಹೋಗಿ ನೋಡಿಬಂದೆ.