ಅತ್ತಿವೇರಿಯ ದಂಡೆಯಲ್ಲಿ ಕೋಟಿಯ ಲೆಕ್ಕ

ಹುಬ್ಬಳ್ಳಿಯಿಂದ ತಡಸ ದಾಟಿ ಮುಂಡಗೋಡದ ರಸ್ತೆ ಹಿಡಿದರೆ ಸುಮಾರು ಒಂದು ಗಂಟೆಯಲ್ಲಿ ಊರು-ಕೇರಿಯ ಚಹರೆಯೇ ಬದಲಾಗುತ್ತದೆ. ಬಯಲಿನ ಹೊಲಗಳು ಹಿಂದೆ ಉಳಿದು ಭತ್ತದ ಗದ್ದೆ, ಗೋವಿನಜೋಳ, ಅದರಾಚೆ ಸಾಗವಾನಿ ಕಾಡು ಕಾಣಿಸುತ್ತದೆ. ಅರೆಮಲೆನಾಡು ಅನ್ನೋದು ಇದಕ್ಕೇ. ಇಂಥ ಸೆರಗಿನಲ್ಲಿರುವ ಊರು ಅತ್ತಿವೇರಿ. ನೀರಾವರಿಗೆಂದು ಕಟ್ಟಿದ ಜಲಾಶಯ, ಅದರ ಸುತ್ತ ಬರೀ 2.23 ಚದರ ಕಿಲೋಮೀಟರಿನ ಪಕ್ಷಿಧಾಮ.

ದಾಂಡೇಲಿಯ ರಾಫ್ಟಿಂಗ್, ಜೊಯಿಡಾದ ಹೋಮ್‌ಸ್ಟೇಗಳಿಗೆ ಇರುವಷ್ಟು ಹೆಸರು ಇದಕ್ಕಿಲ್ಲ. ಅದೇ ಒಳ್ಳೆಯದು ಅನ್ನಿಸಿತು. ಚಳಿಗಾಲದ ಭಾನುವಾರವೂ ಗದ್ದಲ ಇರಲಿಲ್ಲ. ನೀರೊಳಗೆ ನಿಂತ ಒಣಮರಗಳ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿದ್ದವು. ದಡದಲ್ಲಿ ಬೆಳ್ಳಕ್ಕಿ, ಮಿಂಚುಳ್ಳಿ, ಅಲ್ಲೊಂದು ಇಲ್ಲೊಂದು ಚಮಚದಂಥ ಕೊಕ್ಕಿನ ದೊಡ್ಡ ಬಿಳಿ ಹಕ್ಕಿ. ಬೈನಾಕ್ಯುಲರ್ ಇದ್ದರೆ ಎರಡು-ಮೂರು ಗಂಟೆ ಹೋಗಿದ್ದೇ ಗೊತ್ತಾಗಲ್ಲ. ನವೆಂಬರ್‌ನಿಂದ ಮಾರ್ಚ್‌ವರೆಗೆ ಹೋಗಿ, ಬೆಳಗ್ಗೆ ಬೇಗ ಹೋಗಿ, ನೀರು-ತಿಂಡಿ ಜೊತೆಗಿಟ್ಟುಕೊಳ್ಳಿ. ಪ್ರವಾಸದ ಟಿಪ್ಸ್ ಅಂದರೆ ಇಷ್ಟೇ.

ಆದರೆ ಈ ಸಲ ನಾನು ತಲೆಯಲ್ಲಿ ಹೊತ್ತು ತಂದದ್ದು ಹಕ್ಕಿಗಳ ವಿಚಾರವಲ್ಲ.

ಸಂಜೆ ಮರಳುವಾಗ ಹತ್ತಿರದ ಒಂದು ಹಳ್ಳಿಯ ಶಾಲೆ ಮೈದಾನದಲ್ಲಿ ಹುಡುಗರು ಕಬಡ್ಡಿ ಆಡ್ತಾ ಇದ್ದರು. ಮ್ಯಾಟ್ ಇಲ್ಲ, ಕೆಂಪು ಮಣ್ಣಿನ ಮೇಲೆ ಸುಣ್ಣದ ಗೆರೆ. ಪಕ್ಕದ ಚಹಾದಂಗಡಿಯಲ್ಲಿ ಕೂತು ನೋಡುತ್ತಿದ್ದಾಗ ಐವತ್ತರ ಆಸುಪಾಸಿನ ರೈತರೊಬ್ಬರು ಮಾತಿಗೆ ಸಿಕ್ಕರು. ನಾನು ಬೆಂಗಳೂರಿನಲ್ಲಿ ಇಂಜಿನಿಯರ್ ಅಂತ ಗೊತ್ತಾದ ಮೇಲೆ ಸ್ವಲ್ಪ ಹತ್ತಿರ ಸರಿದು ಕೇಳಿದರು.

“ಸರ, ನಿಮಗ ಕಾಲೇಜಿನ ವಿಷಯ ಗೊತ್ತಿರ್ತದಲ್ರಿ. ಅಲ್ಲಿ ರೇಡ್ ಹೊಂಟಾನಲ್ಲ, ಅಂವ ನಮ್ಮ ಹುಡುಗ. ಪಿಯುಸಿ ಎರಡನೇ ವರ್ಷ. ಕೆಳಗ ಘಟ್ಟದ ಕಡೆ ಕಾಲೇಜಿನವರು ಬಂದು ಕೇಳ್ಯಾರ. ಫೀ ಇಲ್ಲ, ಹಾಸ್ಟೆಲ್ ಇಲ್ಲೇ, ಊಟ ಇಲ್ಲೇ ಅಂತಾರ. ಕಳಸ್ಲೋ ಬ್ಯಾಡೋ ತಿಳೀವಲ್ದು.”

“ಕಾಕಾ, ಹುಡುಗ ಏನಂತಾನ?”

“ಅವಂದೇನ್ರಿ, ಫೋನಿನ್ಯಾಗ ಹರಾಜು ನೋಡ್ಯಾನ. ಎರಡೂವರಿ ಕೋಟಿ ಅಂತಾನ. ಅದರ ಮುಂದ ಡಿಗ್ರಿ ಯಾಕ ಬೇಕಪ್ಪಾ ಅಂತ ನನಗ ಕೇಳ್ತಾನ.”

ಹುಡುಗ ಹೇಳಿದ ಲೆಕ್ಕ ಸುಳ್ಳಲ್ಲ. 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಶುರುವಾದಾಗ ಹರಾಜಿನಲ್ಲಿ ಅತಿ ಹೆಚ್ಚು ಬೆಲೆ ಬಂದದ್ದು ರಾಕೇಶ್ ಕುಮಾರ್‌ಗೆ. ಪಟ್ನಾ ಪೈರೇಟ್ಸ್ ಕೊಟ್ಟದ್ದು 12.8 ಲಕ್ಷ ರೂಪಾಯಿ. 2018ರಲ್ಲಿ ಮೋನು ಗೋಯತ್‌ಗೆ 1.51 ಕೋಟಿ. 2023ರಲ್ಲಿ ಪವನ್ ಸೆಹ್ರಾವತ್‌ಗೆ ತೆಲುಗು ಟೈಟನ್ಸ್ ಕೊಟ್ಟದ್ದು 2.605 ಕೋಟಿ. ಒಂಬತ್ತು ವರ್ಷದಲ್ಲಿ ಇಪ್ಪತ್ತು ಪಟ್ಟು. ಆ ವರ್ಷದ ಹರಾಜಿನಲ್ಲಿ ಕೊನೆಯ ‘ಡಿ’ ವರ್ಗದ ಮೂಲ ಬೆಲೆಯೇ 9 ಲಕ್ಷ. ನಮ್ಮ ಕಂಪನಿಗಳಲ್ಲಿ ಯಾರಿಗೂ ಇಂಥ ಹೈಕ್ ಸಿಗಲ್ಲ ಬಿಡಿ.

ಈಗ ಇನ್ನೊಂದು ಲೆಕ್ಕ ನೋಡೋಣ. ಲೀಗಿನಲ್ಲಿ 12 ತಂಡ. ಒಂದು ತಂಡಕ್ಕೆ ಹೆಚ್ಚೆಂದರೆ 25 ಆಟಗಾರರು. ಅಂದರೆ ಇಡೀ ದೇಶಕ್ಕೆ 300 ಕುರ್ಚಿ. ಅದರಲ್ಲೂ ಇರಾನ್ ಮುಂತಾದ ಕಡೆಯವರಿಗೆ ಒಂದಷ್ಟು ಹೋಗುತ್ತವೆ. ಉಳಿದದ್ದಕ್ಕೆ ಹರಿಯಾಣದಿಂದ ತಮಿಳುನಾಡಿನವರೆಗೆ ಎಲ್ಲ ಹಳ್ಳಿಯ ಹುಡುಗರೂ ಸಾಲಿನಲ್ಲಿದ್ದಾರೆ. ಸಿಕ್ಕ ಕುರ್ಚಿಯೂ ಖಾಯಂ ಅಲ್ಲ. ಮುಂದಿನ ಹರಾಜಿನಲ್ಲಿ ಯಾರೂ ಕೈ ಎತ್ತದಿದ್ದರೆ ಅಲ್ಲಿಗೆ ಮುಗೀತು.

ಮೇಲಿನ ಬೆಲೆ ಏರಿದಾಗ ಕೆಳಗೆ ಒಂದು ಬದಲಾವಣೆ ಆಗುತ್ತದೆ. ಹುಡುಕಾಟ ಎಳೆಯ ವಯಸ್ಸಿಗೆ ಇಳಿಯುತ್ತದೆ. ತಯಾರಾದ ಆಟಗಾರ ದುಬಾರಿ, ತಯಾರಾಗಬಹುದಾದವನು ಅಗ್ಗ. ಲೀಗಿನವರೇ 2017ರಲ್ಲಿ ‘ಫ್ಯೂಚರ್ ಕಬಡ್ಡಿ ಹೀರೋಸ್’ ಅಂತ ಪ್ರತಿಭೆ ಹುಡುಕುವ ಕಾರ್ಯಕ್ರಮ ಶುರು ಮಾಡಿದರು. ಅಲ್ಲಿಂದ ಬಂದ ನವೀನ್ ಕುಮಾರ್ 18ನೇ ವಯಸ್ಸಿಗೇ ದಬಂಗ್ ಡೆಲ್ಲಿಯ ಪರ ಮಿಂಚಿದ. ಕಾಲೇಜುಗಳೂ ಸುಮ್ಮನೆ ಕೂತಿಲ್ಲ. ಕರಾವಳಿಯಲ್ಲಿ ಮೂಡುಬಿದಿರೆಯ ಆಳ್ವಾಸ್‌ನಂಥ ಸಂಸ್ಥೆಗಳು ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಓದಿಸುವ ಪದ್ಧತಿಯನ್ನು ಮೊದಲಿನಿಂದಲೂ ನಡೆಸಿವೆ. ಎಷ್ಟೋ ಬಡ ಮಕ್ಕಳಿಗೆ ಅದರಿಂದ ದಾರಿಯಾಗಿದೆ. ಈಗ ಆ ಸೀಟಿನ ಜೊತೆ ಇನ್ನೊಂದು ಆಸೆಯೂ ಸೇರಿಕೊಂಡಿದೆ: ಇಲ್ಲಿಂದ ನೇರ ಹರಾಜಿಗೆ.

ಈ ಕಥೆ ಮೊದಲು ನಡೆದದ್ದು ಅಮೆರಿಕದ ಬಾಸ್ಕೆಟ್‌ಬಾಲ್‌ನಲ್ಲಿ. ಅಲ್ಲಿ ಕಾಲೇಜು ತಂಡಗಳೇ ಎನ್‌ಬಿಎಗೆ ಮೆಟ್ಟಿಲು. ಹೈಸ್ಕೂಲು ಮುಗಿದು ನಾಲ್ಕು ವರ್ಷ ಆಗುವ ತನಕ ವೃತ್ತಿ ಲೀಗಿಗೆ ಬರುವಂತಿಲ್ಲ ಎಂಬ ನಿಯಮವನ್ನು ಸ್ಪೆನ್ಸರ್ ಹೇವುಡ್ 1971ರಲ್ಲಿ ಕೋರ್ಟಿನಲ್ಲಿ ಪ್ರಶ್ನಿಸಿ ಗೆದ್ದ. ಸಂಬಳ ಏರುತ್ತಾ ಹೋದಂತೆ ಹುಡುಗರು ಕಾಲೇಜಿಗೆ ಕಾಲಿಡುವುದನ್ನೇ ಬಿಟ್ಟರು. 1995ರಲ್ಲಿ ಕೆವಿನ್ ಗಾರ್ನೆಟ್ ಹೈಸ್ಕೂಲಿನಿಂದ ನೇರ ಎನ್‌ಬಿಎಗೆ ಬಂದ. ಎರಡೇ ವರ್ಷದಲ್ಲಿ 12.6 ಕೋಟಿ ಡಾಲರ್ ಒಪ್ಪಂದ. ಕೊನೆಗೆ ಲೀಗು 2006ರ ಡ್ರಾಫ್ಟ್‌ನಿಂದ 19 ವರ್ಷ ಕಡ್ಡಾಯ ಮಾಡಿತು. ಆಮೇಲೆ ಶುರುವಾದದ್ದು ಒಂದೇ ವರ್ಷ ಕಾಲೇಜಿನಲ್ಲಿದ್ದು ಎದ್ದು ಹೋಗುವ ಪದ್ಧತಿ.

ಈಗ ಗಾಳಿ ಇನ್ನೊಂದು ದಿಕ್ಕಿಗೆ ಬೀಸುತ್ತಿದೆ. 2021ರ ಜುಲೈನಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಚಿತ್ರ ಬಳಸಿಕೊಂಡು ಜಾಹೀರಾತಿನ ಹಣ ಗಳಿಸಬಹುದು. 2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಿದ ರಾಜಿಯಂತೆ ಒಂದು ಕಾಲೇಜು ತನ್ನ ಎಲ್ಲ ಆಟಗಳ ಆಟಗಾರರಿಗೆ ಸೇರಿ ಮೊದಲ ವರ್ಷ ಸುಮಾರು 2.05 ಕೋಟಿ ಡಾಲರ್‌ವರೆಗೆ ನೇರವಾಗಿ ಹಂಚಬಹುದು. ಹಾಗಾಗಿ ಡ್ರಾಫ್ಟ್‌ಗೆ ಅವಸರ ಮಾಡುತ್ತಿದ್ದ ಹುಡುಗರಲ್ಲಿ ಎಷ್ಟೋ ಜನ ಕಾಲೇಜಿನಲ್ಲೇ ಉಳಿಯುತ್ತಿದ್ದಾರೆ. ಬೋಸ್ಟನ್‌ನ ಜೇಸನ್ ಟೇಟಮ್ 2024ರಲ್ಲಿ ಐದು ವರ್ಷಕ್ಕೆ 31.4 ಕೋಟಿ ಡಾಲರ್, ನಮ್ಮ ಲೆಕ್ಕದಲ್ಲಿ ಸುಮಾರು 2,600 ಕೋಟಿ ರೂಪಾಯಿಗೆ ಸಹಿ ಹಾಕಿದ. ಆದರೆ ಎನ್‌ಬಿಎ ಡ್ರಾಫ್ಟ್‌ನಲ್ಲಿ ವರ್ಷಕ್ಕೆ ಆರಿಸುವುದು ಹೆಚ್ಚೆಂದರೆ 60 ಹೆಸರು. ಉಳಿದವರ ಬದುಕಿಗೂ ಕಾಲೇಜಿನಲ್ಲೇ ಒಂದಿಷ್ಟು ಕಾಸು ಸಿಗಲಿ ಅನ್ನೋ ಜಗಳ ಅಲ್ಲಿ ಹತ್ತಾರು ವರ್ಷ ನಡೆದಿದೆ.

ನಮ್ಮಲ್ಲಿ ಉಳಿದವರಿಗೆ ಏನಿತ್ತು? ನೌಕರಿ. ಕಬಡ್ಡಿ, ವಾಲಿಬಾಲ್, ಬಾಸ್ಕೆಟ್‌ಬಾಲ್ ಯಾವುದೇ ಇರಲಿ, ಆಟ ಅಂದರೆ ರೈಲ್ವೆ, ಪೊಲೀಸ್, ಸೇನೆ, ಬ್ಯಾಂಕು. ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿಗೆ ಕಬಡ್ಡಿ ತಂಡವೂ ಇತ್ತು, ಬಾಸ್ಕೆಟ್‌ಬಾಲ್ ತಂಡವೂ ಇತ್ತು. 2019ರ ಏಪ್ರಿಲ್ 1ರಂದು ಆ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಎರಡೂವರೆ ಕೋಟಿಯ ಪವನ್ ಕೂಡ ರಾಷ್ಟ್ರೀಯ ಚಾಂಪಿಯನ್‌ಶಿಪ್‌ನಲ್ಲಿ ಆಡುವುದು ರೈಲ್ವೆ ತಂಡಕ್ಕೇ. ಹರಾಜು ನೋಡುವ ಹುಡುಗರ ಕಣ್ಣಿಗೆ ಈ ನೌಕರಿ ಕಾಣುವುದಿಲ್ಲ.

ಈ ಸೀಮೆಗೆ ಆಯ್ಕೆಗಾರರು ಬರುವುದು ಹೊಸದೇನೂ ಅಲ್ಲ. ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳಲ್ಲಿ ನೂರಾರು ವರ್ಷಗಳಿಂದ ಸಿದ್ದಿ ಜನರಿದ್ದಾರೆ. ಆಫ್ರಿಕಾ ಮೂಲದವರು, ಆದ್ದರಿಂದ ಓಟದಲ್ಲಿ ಪದಕ ತರುತ್ತಾರೆ ಎಂಬ ಲೆಕ್ಕದಲ್ಲಿ 1980ರ ದಶಕದ ಕೊನೆಗೆ ಭಾರತೀಯ ಕ್ರೀಡಾ ಪ್ರಾಧಿಕಾರ ‘ಸ್ಪೆಷಲ್ ಏರಿಯಾ ಗೇಮ್ಸ್’ ಯೋಜನೆಯಡಿ ಇಲ್ಲಿನ ಸಿದ್ದಿ ಮಕ್ಕಳನ್ನು ಆರಿಸಿ ಕ್ರೀಡಾ ಹಾಸ್ಟೆಲ್‌ಗಳಿಗೆ ಕರೆದೊಯ್ದಿತು. ಆಗ ಕೇಂದ್ರದಲ್ಲಿ ಕ್ರೀಡಾ ಖಾತೆ ನೋಡುತ್ತಿದ್ದವರು ಮಾರ್ಗರೆಟ್ ಆಳ್ವ. ಕೆಲವರು ರಾಷ್ಟ್ರಮಟ್ಟಕ್ಕೆ ಏರಿದರು. ಆದರೆ 1993ರ ಹೊತ್ತಿಗೆ ಸಿದ್ದಿಗಳ ಪಾಲಿಗೆ ಆ ಯೋಜನೆ ನಿಂತುಹೋಯಿತು. ಕ್ರೀಡಾ ಕೋಟಾದಲ್ಲಿ ನೌಕರಿ ಹಿಡಿದವರು ದಡ ಸೇರಿದರು, ಉಳಿದವರು ಕಾಡಂಚಿನ ಊರಿಗೆ, ಹೊಲ-ಕೂಲಿಗೆ ಮರಳಿದರು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದ್ದು ಆಮೇಲೆ, 2003ರಲ್ಲಿ.

ಆ ಮಕ್ಕಳ ಕಾಲಲ್ಲಿ ಶಕ್ತಿ ಕಡಿಮೆ ಇತ್ತು ಅಂತ ಯಾರೂ ಹೇಳಿಲ್ಲ. ಆರಿಸುವಾಗ ಪದಕದ ಲೆಕ್ಕ ಇತ್ತು, ಪದಕ ಬರದಿದ್ದರೆ ಏನು ಅನ್ನೋ ಲೆಕ್ಕ ಇರಲಿಲ್ಲ. ಅತ್ತಿವೇರಿಯ ಪಕ್ಕದ ಹುಡುಗನ ವಿಷಯದಲ್ಲೂ ನನಗೆ ಕಾಡಿದ ಪ್ರಶ್ನೆ ಇದೇ. ಎರಡೂವರೆ ಕೋಟಿ ಬಂದರೆ ಏನು ಮಾಡಬೇಕು ಅಂತ ಯಾರೂ ಅವನಿಗೆ ಹೇಳಿಕೊಡಬೇಕಿಲ್ಲ. 22ನೇ ವಯಸ್ಸಿಗೆ ಮೊಣಕಾಲಿನ ಲಿಗಮೆಂಟ್ ಹರಿದು ಹಾಸ್ಟೆಲ್ ಖಾಲಿ ಮಾಡುವಾಗ ಅವನ ಕೈಯಲ್ಲಿ ಏನಿರುತ್ತದೆ?

ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಬ್ಯಾನರ್ ನೆನಪು ಮಾಡಿಕೊಳ್ಳಿ. ಹೈಯೆಸ್ಟ್ ಪ್ಯಾಕೇಜ್ ದಪ್ಪಕ್ಷರದಲ್ಲಿ, ಪಕ್ಕದಲ್ಲಿ ಒಬ್ಬ ಹುಡುಗನ ಫೋಟೊ. ಅದು ಒಬ್ಬನ ಸಂಬಳ. ಅದೇ ಬ್ಯಾಚಿನ ನಟ್ಟನಡುವೆ ನಿಂತವನಿಗೆ ಎಷ್ಟು ಸಿಕ್ಕಿತು, ಎಷ್ಟು ಜನಕ್ಕೆ ಸಿಗಲೇ ಇಲ್ಲ ಅನ್ನೋದು ಬ್ಯಾನರಿನಲ್ಲಿ ಇರಲ್ಲ. ಸಿಇಟಿ ಕೌನ್ಸೆಲಿಂಗ್‌ಗೆ ಹೋದ ಜಾಣ ಅಪ್ಪ-ಅಮ್ಮ ಅದನ್ನೇ ಕೇಳುತ್ತಾರೆ. ಆಟದ ಸೀಟಿಗೂ ಅದೇ ಪ್ರಶ್ನೆ ಸಾಕು.

ಹಾಗಾಗಿ ಕಾಕಾ ಜೊತೆ ಕೂತು, ಚಹಾದಂಗಡಿಯ ಒಂದು ಬಿಲ್ ಹಾಳೆಯ ಹಿಂದೆ ನಾಲ್ಕು ಪ್ರಶ್ನೆ ಬರೆದೆವು. ಒಂದು, ಗಾಯವಾಗಿ ಆಡಲಾಗದಿದ್ದರೆ ಸೀಟು, ಹಾಸ್ಟೆಲ್, ಊಟ ಮೂರೂ ಡಿಗ್ರಿ ಮುಗಿಯುವ ತನಕ ಇರ್ತವಾ? ಚಿಕಿತ್ಸೆಯ ಖರ್ಚು ಯಾರದು? ಎರಡು, ಪಂದ್ಯಕ್ಕೆ ಹೋದ ದಿನಗಳ ಹಾಜರಾತಿ, ತಪ್ಪಿದ ಪರೀಕ್ಷೆಗೆ ಏನು ವ್ಯವಸ್ಥೆ? ಮೂರು, ನಡುವೆ ಬಿಡುವ ಪ್ರಸಂಗ ಬಂದರೆ ಅಂಕಪಟ್ಟಿ, ಟಿಸಿ ತಕರಾರಿಲ್ಲದೆ ಕೊಡ್ತಾರಾ, ಅಥವಾ ಮನ್ನಾ ಮಾಡಿದ ಫೀ ತುಂಬು ಅಂತಾರಾ? ನಾಲ್ಕು, ಐದು ವರ್ಷದ ಹಿಂದೆ ಇದೇ ಹಾಸ್ಟೆಲ್‌ನಲ್ಲಿದ್ದ ಹತ್ತು ಆಟಗಾರರು ಈಗ ಏನು ಮಾಡ್ತಿದ್ದಾರೆ? ಟಿವಿಯಲ್ಲಿ ಕಾಣುವ ಒಬ್ಬನ ಹೆಸರು ಬೇಡ, ಉಳಿದ ಒಂಬತ್ತು ಜನರ ಫೋನ್ ನಂಬರ್ ಕೊಡಿ ಅನ್ನಬೇಕು. ಉತ್ತರಗಳನ್ನು ಬಾಯಿಮಾತಿಗೆ ಬಿಡದೆ ಹಾಳೆಯ ಮೇಲೆ ತಗೋಬೇಕು.

ಕಾಕಾ ಹಾಳೆಯನ್ನು ಮಡಿಚಿ ಅಂಗಿ ಜೇಬಿಗೆ ಇಟ್ಟುಕೊಂಡರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ಹುಡುಗಿನೂ ಆಡ್ತಾಳ್ರಿ, ಒಂಬತ್ತನೇತ್ತ. ತಾಲ್ಲೂಕಿಗೆ ಸೆಲೆಕ್ಟ್ ಆಗ್ಯಾಳ. ಆದ್ರ ಹುಡುಗ್ಯಾರಿಗೆ ಹರಾಜು ಇಲ್ಲಲ್ರಿ, ಆಡಿ ಏನ್ ಮಾಡ್ತಾಳ?” ಅಂದರು.

ನಿಜ, ಪ್ರೊ ಕಬಡ್ಡಿ ಗಂಡಸರ ಲೀಗು. 2016ರಲ್ಲಿ ಹೆಣ್ಣುಮಕ್ಕಳಿಗಾಗಿ ಮೂರು ತಂಡಗಳ ಒಂದು ಸಣ್ಣ ಪಂದ್ಯಾವಳಿ ಮಾಡಿ ಬಿಟ್ಟರು. ಆದರೆ ಕಾರ್ಕಳ ಕಡೆಯ ಮಮತಾ ಪೂಜಾರಿ 2010 ಮತ್ತು 2014ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿದ್ದವರು, 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದವರು. ಅವರನ್ನು ಯಾವ ಹರಾಜೂ ಕೊಳ್ಳಲಿಲ್ಲ. ಆಟದಿಂದ ಅವರಿಗೆ ಸಿಕ್ಕಿದ್ದು ರೈಲ್ವೆಯ ನೌಕರಿ. ನಾನು ಕಾಕಾಗೆ ಈ ಹೆಸರು ಹೇಳಿದೆ. ಕೋಟಿಯ ಹೊಳಪು ಇಲ್ಲದ ಕಾರಣಕ್ಕೆ ಹುಡುಗಿಯ ಲೆಕ್ಕ ಹುಡುಗನದಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ: ಆಟ, ಅದರಿಂದ ಓದು, ಎರಡರಿಂದ ನೌಕರಿ. ಅಣ್ಣನಿಗೂ ಬೇಕಾದದ್ದು ಇದೇ ಸಾಲು. ಹರಾಜು ಬಂದರೆ ಅದು ಮೇಲಿನ ಸಂಪಾದನೆ.

ಉತ್ತರ ಕನ್ನಡದ ಈ ತಾಲ್ಲೂಕುಗಳಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಗಳು ನಡೆಯುವುದೂ ವಲಸೆ ಹಕ್ಕಿ ಬರುವ ಒಣ ಹವೆಯ ತಿಂಗಳುಗಳಲ್ಲೇ. ಅತ್ತಿವೇರಿಗೆ ಹೋದರೆ ರಸ್ತೆ ಬದಿಯ ಫ್ಲೆಕ್ಸ್ ನೋಡಿ, ಒಂದು ರಾತ್ರಿ ಉಳಿದು ಪಂದ್ಯ ನೋಡಿ ಬನ್ನಿ. ನಮ್ಮಲ್ಲಿ ಬಹಳ ಜನ ಇಂಥ ಊರುಗಳಿಂದಲೇ ಬೆಂಗಳೂರು, ಪುಣೆ ಸೇರಿದವರು. ಆಟವಾಡುವ ಚಿಕ್ಕಪ್ಪನ ಮಗನೋ ಅಕ್ಕನ ಮಗಳೋ ಮನೆಯಲ್ಲಿ ಇದ್ದೇ ಇರುತ್ತಾರೆ. “ಕಾಲೇಜಿನವರು ಬಂದು ಕೇಳ್ಯಾರ, ಏನ್ ಮಾಡೋಣ” ಅಂತ ಊರಿಂದ ಫೋನ್ ಬಂದರೆ, ಆ ನಾಲ್ಕು ಪ್ರಶ್ನೆಗಳನ್ನು ವಾಟ್ಸ್ಯಾಪ್‌ನಲ್ಲಿ ಕಳಿಸಿಬಿಡಿ. ಆಮೇಲೆ ಆ ಕಾಲೇಜಿಗೆ ನೀವೇ ಒಂದು ಫೋನ್ ಮಾಡಿ. ಇಂಗ್ಲಿಷ್‌ನಲ್ಲಿ, ನಿಧಾನವಾಗಿ, ಉತ್ತರ ಸಿಗುವ ತನಕ ಕೇಳಿ. ಊರಲ್ಲಿರುವ ಅಪ್ಪಂದಿರಿಗೆ ಕಷ್ಟವಾಗುವುದು ಅದೊಂದೇ ಕೆಲಸ.